ಒಂದು ಗೇಣಿನ ದೂರ

ನಮ್ಮ ಆಫೀಸಿನ ಹಿಂದೆ ಒಂದು ಬಂಡೆಗುಡ್ಡವಿತ್ತು. ಮಾಧಾಪುರ ದಾಟಿ ಗಚ್ಚಿಬೌಲಿ ಕಡೆಗೆ ಹೋಗುವಾಗ ಗಾಜಿನ ಕಟ್ಟಡಗಳಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತಿದ್ದ ಕಾಲ ಅದು. ಹೊರವರ್ತುಲ ರಸ್ತೆ ಇನ್ನೂ ಅರ್ಧಕ್ಕೇ ನಿಂತಿತ್ತು. ಒಂದರ ಮೇಲೊಂದು ಕೂತಿದ್ದ ಆ ದೊಡ್ಡ ಕಲ್ಲುಗಳ ನಡುವೆ ಕುರಿ ಕಾಯುವವರು ತುಳಿದು ಮಾಡಿದ ಕಾಲುದಾರಿಗಳಿದ್ದವು. ವಾರಕ್ಕೆ ಮೂರು ದಿನ ನಾನು ಕಂಪನಿಯ ಮೊದಲ ಕ್ಯಾಬ್ ಹಿಡಿದು ಬೇಗ ಬಂದು, ಆಫೀಸಿನ ತಳಮಹಡಿಯಲ್ಲಿ ಇಟ್ಟಿದ್ದ ಮೌಂಟನ್ ಬೈಕ್ ತೆಗೆದುಕೊಂಡು ಆ ಗುಡ್ಡ ಹತ್ತುತ್ತಿದ್ದೆ. ಒಂದು ತಾಸು ಕಲ್ಲುಗಳ ಮೇಲೆ ಹತ್ತಿ ಇಳಿದು, ಸ್ನಾನ ಮಾಡಿ, ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ.

ಆಗ ನನಗೆ ಮೂವತ್ತೇಳು. ನಾರಾಯಣಗೂಡದ ಹಳೆಯ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಮದುವೆಯ ಮಾತು ಎತ್ತುವುದನ್ನು ನೆಂಟರು ಬಿಟ್ಟುಬಿಟ್ಟಿದ್ದರು, ಅದರಿಂದ ನನಗೆ ಹಗುರವೇ ಆಗಿತ್ತು. ಸೈಕಲ್ ನನಗೆ ಸಿಕ್ಕಿದ್ದು, ಕೆಲಸ ಬದಲಿಸಿ ಊರು ಬಿಟ್ಟ ಸಹೋದ್ಯೋಗಿಯೊಬ್ಬರಿಂದ. ಬಂಡೆಯ ಮೇಲೆ ಯಾರೂ ಪಕ್ಕದಲ್ಲಿ ಇರುವುದಿಲ್ಲ. ಎಲ್ಲಿ ಚಕ್ರ ಇಡಬೇಕು, ಎಲ್ಲಿ ಬ್ರೇಕ್ ಬಿಡಬೇಕು, ಎಲ್ಲ ನನ್ನದೇ ತೀರ್ಮಾನ. ಬಿದ್ದರೆ ನಾನೊಬ್ಬಳೇ ಬೀಳುತ್ತೇನೆ. ಮೊಣಕೈ, ಮೊಣಕಾಲು ಎಷ್ಟೋ ಸಲ ತರಚಿಕೊಂಡಿವೆ, ಒಮ್ಮೆ ಕಾಲರ್ ಬೋನ್ ಮುರಿದಿದೆ. ಆದರೂ ಆ ಗುಡ್ಡದ ಮೇಲೆ ನನಗೆ ಯಾವತ್ತೂ ಭಯವಾಗಿರಲಿಲ್ಲ.

ಒಂದು ಸೋಮವಾರ ಹೋದಾಗ ಗುಡ್ಡದ ಸುತ್ತ ನೀಲಿ ತಗಡಿನ ಗೋಡೆ ಎದ್ದಿತ್ತು. ಸಂದಿಯಲ್ಲಿ ಸೈಕಲ್ ತೂರಿಸಿ ಒಳಗೆ ಹೋಗಲು ನೋಡುತ್ತಿದ್ದೆ. ತಲೆಯ ಮೇಲೆ ಸಿಂಬಿ ಇಟ್ಟುಕೊಂಡ ಕೂಲಿ ಹೆಂಗಸೊಬ್ಬಳು ಓಡಿಬಂದು ಕೈ ಅಡ್ಡ ಹಿಡಿದಳು. ಹರಕು ತೆಲುಗಿನಲ್ಲಿ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲವೆಂದುಕೊಂಡು, ಹಿಂದಿದ್ದ ಇನ್ನೊಬ್ಬಳಿಗೆ, "ಏ, ಈಕಿಗಿ ನೀನರ ಹೇಳ ಬಾರs, ಕಲ್ಲು ಹಾರಸ್ತಾರ ಅಂತ" ಎಂದು ಕೂಗಿದಳು.

"ಕನ್ನಡದಾಗ ಹೇಳ್ರಿ, ತಿಳೀತೈತಿ" ಎಂದೆ.

ಅವಳ ಮುಖ ಅರಳಿತು. "ಯಾವೂರ್ರಿ ನಿಮ್ದು?"

"ರಾಯಚೂರ ಕಡೆ. ಹುಟ್ಟಿದ್ದು ಬೆಳದಿದ್ದು ಇಲ್ಲೇ."

"ನಮ್ದು ಯಾದಗಿರಿ ಬಾಜೂಕ. ಯವ್ವಾ, ಒಳಗ ಹೋಗಬ್ಯಾಡ್ರಿ. ಇಲ್ಲಿ ದೊಡ್ಡ ಬಿಲ್ಡಿಂಗ್ ಬರತೈತಂತ. ನೀವು ಇಲ್ಲಿ ಬಂದು ಏನ್ ಮಾಡ್ತಿದ್ರಿ?"

"ಸೈಕಲ್ ಹೊಡೀತಿದ್ದೆ."

"ಕಲ್ಲಿನ ಮ್ಯಾಗ?" ಅವಳಿಗೆ ನಗು ತಡೆಯಲಾಗಲಿಲ್ಲ. "ನಾವು ಹೊಟ್ಟಿಗಂತ ಕಲ್ಲು ಒಡೀತೀವಿ, ನೀವು ಕೆಲಸಿಲ್ಲದಕ್ಕ ಕಲ್ಲಿನ ಮ್ಯಾಗ ಬೀಳ್ತೀರಿ."

ನಾನೂ ನಕ್ಕೆ. ಸೈಕಲ್ ತಳ್ಳಿಕೊಂಡು ಆಫೀಸಿಗೆ ವಾಪಸ್ಸು ಬಂದೆ. ಅಂದಿನಿಂದ ದಿನಾ ಒಂದು ಹೊತ್ತಿಗೆ ಬಂಡೆ ಸಿಡಿಸುವ ಸದ್ದಿಗೆ ನಮ್ಮ ಕಿಟಕಿಯ ಗಾಜು ಗಡಗಡ ಅಲುಗುತ್ತಿತ್ತು. ಎಲ್ಲರೂ ಒಂದು ಕ್ಷಣ ತಲೆಯೆತ್ತಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ತಿಂಗಳೊಳಗೆ ಗುಡ್ಡ ಅರ್ಧವಾಯಿತು.

ಆ ದಿನಗಳಲ್ಲೇ, ನನ್ನ ಸೈಕಲ್ ರಿಪೇರಿ ಮಾಡುವ ಅಂಗಡಿಯ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಹವ್ಯಾಸಿಗಳಿಗೆ ರಸ್ತೆ ಸೈಕಲ್ ರೇಸ್. ಊರ ಹೊರಗಿನಿಂದ ಹೊರಟು, ಚೇವೆಳ್ಳ ದಾಟಿ, ಅನಂತಗಿರಿಯ ಘಾಟ್ ಹತ್ತಿ, ಅದೇ ದಾರಿಯಲ್ಲಿ ವಾಪಸ್ಸು. ನೂರ ಇಪ್ಪತ್ತು ಕಿಲೋಮೀಟರು, ಐದು ತಾಸಿನ ಗಡುವು. ಆಮೇಲೆ ಬಂದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಅಂಗಡಿಯವನು ನನ್ನನ್ನು ನೋಡಿ, "ಮೇಡಂ, ಆಪ್ ಕಾ ಪಹಾಡ್ ತೋ ಗಯಾ, ಅಬ್ ಸಡಕ್ ಪೇ ಆವ್" ಎಂದು ರಸ್ತೆಗೆ ಕರೆದ. ಗುಡ್ಡ ಹೋದ ಸಿಟ್ಟಿಗೋ ಏನೋ, ಹೆಸರು ಬರೆಸಿಬಿಟ್ಟೆ. ಬಗ್ಗಿದ ಹ್ಯಾಂಡಲಿನ, ತೆಳು ಟೈರಿನ ರೋಡ್ ಬೈಕೊಂದನ್ನು ಎರಡು ತಿಂಗಳಿಗೆ ಅವನೇ ಬಾಡಿಗೆಗೆ ಕೊಟ್ಟ.

ಅದನ್ನು ಮನೆಯ ವರಾಂಡಕ್ಕೆ ತಂದಾಗ ಅಪ್ಪ ಪೇಪರ್ ಮಡಿಸಿಟ್ಟು ಎದ್ದು ಬಂದರು. ಬಾಲಾನಗರದ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಯಾವ ಯಂತ್ರ ಕಂಡರೂ ಮೊದಲು ಬೆರಳಿನಿಂದ ಮಾತಾಡಿಸುತ್ತಾರೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ, ರಿಮ್ಮಿಗೆ ಉಗುರು ತಾಗಿಸಿ ಕಿವಿಗೊಟ್ಟರು.

"ಕೂದಲೆಳಿಯಷ್ಟು ಹೊಯ್ದಾಡತೈತಿ. ತೆಗೀಬೇಕು" ಎಂದರು. ಆಮೇಲೆ ಟೈರ್ ಹಿಚುಕಿ, "ಇದೇನವ್ವಾ, ನನ್ನ ಹೆಬ್ಬೆಟ್ಟಿಗಿಂತ ಸಣ್ಣ ಐತಿ. ಇದರ ಮ್ಯಾಲ ಕುಂತು ಎಲ್ಲಿಗೆ ಹೊಂಟಿ?"

"ಅನಂತಗಿರಿಗೆ."

"ಒಬ್ಬಾಕೀನ?"

"ಇಲ್ಲಪ್ಪ, ನೂರು ಮಂದಿ ಕೂಡ."

ಅಪ್ಪ ಚಕ್ರವನ್ನು ನೆಲಕ್ಕಿಳಿಸಿದರು. "ನಿನಗ ಮಂದಿ ಕೂಡ ಹೋಗಿ ರೂಢಿಲ್ಲಲ್ಲ" ಎಂದರು.

ಆ ಮಾತು ಎಷ್ಟು ನಿಜವೆಂದು ಮುಂದಿನ ಭಾನುವಾರ ಗೊತ್ತಾಯಿತು. ರೇಸಿಗೆ ಹೆಸರು ಕೊಟ್ಟವರು ಹತ್ತು ಹದಿನೈದು ಮಂದಿ ಸೇರಿ ಅಭ್ಯಾಸಕ್ಕೆ ಹೊರಟಿದ್ದರು, ನಾನೂ ಹೋದೆ. ರಸ್ತೆ ರೇಸಿನ ಗುಟ್ಟೆಲ್ಲ ಗಾಳಿಯಲ್ಲಿದೆ. ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಅವನ ಚಕ್ರಕ್ಕೆ ಒಂದು ಗೇಣು ಹಿಂದೆ ಅಂಟಿಕೊಂಡು ಹೋದರೆ ಹಿಂದಿನವನಿಗೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಸರದಿಯ ಮೇಲೆ ಮುಂದೆ ಬರಬೇಕು, ಸರದಿಯ ಮೇಲೆ ಹಿಂದೆ ಸರಿಯಬೇಕು. ಹೇಳುವುದಕ್ಕೆ ಇಷ್ಟೇ. ನನಗೆ ಮಾತ್ರ ಇನ್ನೊಬ್ಬರ ಚಕ್ರ ಅಷ್ಟು ಹತ್ತಿರ ಬಂದರೆ ಬೆರಳು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಮೂರನೇ ಸಲ ಹಾಗೆ ಬ್ರೇಕ್ ಹಿಡಿದಾಗ ನನ್ನ ಹಿಂದಿದ್ದ ಯುವಕ ನನ್ನ ಚಕ್ರಕ್ಕೆ ತಾಗಿ ರಸ್ತೆಗೆ ಬಿದ್ದ. ಅವನ ಅಂಗೈ ಸುಲಿದು ರಕ್ತ ಬಂತು. ಅವನು ಬಾಟಲಿಯ ನೀರಿನಿಂದ ಕೈ ತೊಳೆದುಕೊಂಡ. ಅವನ ಪರವಾಗಿ ಉಳಿದವರೆಲ್ಲ ಕೂಗಾಡಿದರು.

ಮನೆಗೆ ಬಂದು ರೋಡ್ ಬೈಕನ್ನು ಗೋಡೆಗೆ ಒರಗಿಸಿ, ನಾಳೆ ವಾಪಸ್ಸು ಕೊಡುತ್ತೇನೆ ಎಂದೆ. ಅಪ್ಪ ಆಗ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು.

"ನೀ ಬಿದ್ದೇನು?"

"ನಾ ಬಿದ್ದಿದ್ರ ಚಿಂತಿ ಇರಲಿಲ್ಲ. ಇನ್ನೊಬ್ಬನ್ನ ಕೆಡವಿದೆ."

ಅಪ್ಪ ಒಲೆ ಆರಿಸಿದರು. ತಟ್ಟೆ ನನ್ನ ಮುಂದಿಟ್ಟು, ನನಗೆ ಅದುವರೆಗೂ ಗೊತ್ತಿರದ ಒಂದು ವಿಷಯ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾರಾಯಣಗೂಡ, ಹಿಮಾಯತ್‌ನಗರದ ಕಡೆಯಿಂದ ಮೂವತ್ತು ನಲವತ್ತು ಮಂದಿ ಮೊದಲ ಶಿಫ್ಟಿಗೆ ಸೈಕಲ್ ಮೇಲೆ ಹೋಗುತ್ತಿದ್ದರಂತೆ. ಟ್ಯಾಂಕ್ ಬಂಡ್ ಮೇಲೆ ಮಳೆಗಾಲದಲ್ಲಿ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಒಬ್ಬೊಬ್ಬರೇ ಹೋದರೆ ಸೈಕಲ್ ಮುಂದೆ ಸಾಗುತ್ತಿರಲಿಲ್ಲವಂತೆ. ಅದಕ್ಕೆ ಸಾಲು ಕಟ್ಟುತ್ತಿದ್ದರು.

"ಗಟ್ಟಿ ಇದ್ದಾಂವ ಮುಂದ. ಒಂದು ಕಂಬದಿಂದ ಹತ್ತನೇ ಕಂಬದ ತನಕ ಒಬ್ಬನ ಪಾಳಿ. ಜ್ವರ ಗಿರ ಬಂದಾಂವನ್ನ ನಡುವ ಹಾಕ್ಕೊಂಡು ಹೋಗತಿದ್ವಿ. ಅಂವಗ ಗಾಳಿ ತಾಕ್ತಿರಲಿಲ್ಲ."

"ನಿಮಗ ಯಾರು ಕಲಿಸಿದ್ರು?"

"ಯಾರ್ ಕಲಸ್ತಾರ? ಗೇಟು ಏಳಕ್ಕ ಮುಚ್ಚತಿತ್ತು. ಅದs ಕಲಸ್ತು." ನೀರು ಕುಡಿದು ಮುಂದುವರಿಸಿದರು. "ನೀ ಮುಂದಿನವನ ಚಕ್ರ ನೋಡಾಕತ್ತಿದ್ದಿ, ಹೌದಿಲ್ಲೋ? ಚಕ್ರ ನೋಡಬ್ಯಾಡ. ಅವನ ಸೊಂಟ ನೋಡು. ಮನಿಷಾ ತಿರುಗೋಕಿಂತ ಮೊದಲ ಸೊಂಟ ತಿರಗತೈತಿ."

ಮರುದಿನದಿಂದ ನಮ್ಮ ಪಾಠ ಶುರುವಾಯಿತು. ಅಪ್ಪನ ವಯಸ್ಸು ಎಪ್ಪತ್ತೊಂದು. ಅವರ ಕಪ್ಪು ಸೈಕಲ್ಲಿಗೆ ನನಗಿಂತ ಹೆಚ್ಚು ವಯಸ್ಸು. ಬೆಳಕು ಹರಿಯುತ್ತಿದ್ದಂತೆ ಹೊರಟು, ಹಿಮಾಯತ್‌ನಗರದ ಮುಚ್ಚಿದ ಅಂಗಡಿಗಳ ಮುಂದೆ ಹಾದು, ಟ್ಯಾಂಕ್ ಬಂಡ್ ಮೇಲಿಂದ ರಾಣಿಗಂಜಿನವರೆಗೆ. ಅಪ್ಪ ಮುಂದೆ, ನಾನು ಒಂದು ಗೇಣು ಹಿಂದೆ. ನಿಧಾನಕ್ಕೆ ಹೋಗುವವರ ಹಿಂದೆ ಹೋಗುವುದು ಇನ್ನೂ ಕಷ್ಟ. ಸೊಂಟ ನೋಡು ಎಂದಿದ್ದರಲ್ಲ, ನಾನು ಅಪ್ಪನ ಬಿಳಿ ಅಂಗಿಯ ಕೆಳಗಂಚನ್ನೇ ನೋಡುತ್ತ ಹೋದೆ. ಬೆನ್ನು ಸ್ವಲ್ಪ ಎಡಕ್ಕೆ ವಾಲಿದ್ದನ್ನು, ಪ್ರತಿ ಪೆಡಲಿಗೂ ಬಲ ಭುಜ ಮೇಲೇಳುವುದನ್ನು ಆಗಲೇ ಮೊದಲು ಗಮನಿಸಿದ್ದು. ಒಂದೇ ಮನೆಯಲ್ಲಿದ್ದೂ ಅಪ್ಪನ ಬೆನ್ನನ್ನು ನಾನು ಅಷ್ಟು ಹೊತ್ತು ನೋಡಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಬೆರಳು ಬ್ರೇಕಿಗೆ ಹೋಗುವುದು ನಿಂತಿತು.

ಮೂರನೇ ವಾರದಲ್ಲಿ ಒಂದು ದಿನ ರಾಣಿಗಂಜಿನ ಹತ್ತಿರ, ರಸ್ತೆಯ ಬಲಬದಿಯಿಂದ ಬಾಳೆಹಣ್ಣಿನ ತಳ್ಳುಗಾಡಿಯೊಂದು ಅಡ್ಡ ಬರುತ್ತಿತ್ತು. ನನಗೆ ದೂರದಿಂದಲೇ ಕಂಡಿತು. ಅಪ್ಪ ಈಗ ಎಡಕ್ಕೆ ಸರಿಯುತ್ತಾರೆ ಎಂದು ಅವರ ಸೊಂಟ ನೋಡಿದೆ. ಅದು ತಿರುಗಲಿಲ್ಲ. ನೇರ ಹೋದರು. ಹ್ಯಾಂಡಲಿನ ಬಲತುದಿ ಗಾಡಿಗೆ ಬಡಿದು ಅಪ್ಪ ಪಕ್ಕಕ್ಕೆ ಉರುಳಿದರು. ಬಂಡೆಗಳ ಮೇಲಿನ ಅಭ್ಯಾಸದಿಂದ ನಾನು ಹೇಗೋ ಸೈಕಲ್ಲನ್ನು ಫುಟ್‌ಪಾತಿಗೆ ಹಾರಿಸಿ ಉಳಿದುಕೊಂಡೆ. ಬಾಳೆಗೊನೆಯೊಂದು ರಸ್ತೆಗೆ ಬಿದ್ದಿತ್ತು.

ಗಾಡಿಯವನು ಹೆದರಿಹೋಗಿದ್ದ. ಅಪ್ಪನನ್ನು ಹಿಡಿದೆತ್ತುತ್ತ, "ಇತ್ತೀ ಬಡೀ ಬಂಡೀ, ದಿಖೀ ನೈ ಕ್ಯಾ ಚಾಚಾ?" ಎಂದ, ಇಷ್ಟು ದೊಡ್ಡ ಗಾಡಿ ಕಾಣಲಿಲ್ಲವೇ ಎಂದು.

ಅಪ್ಪ ಅಂಗಿಯ ಧೂಳು ಕೊಡವಿಕೊಳ್ಳುತ್ತ, ಸಮಾಧಾನದಿಂದ, "ನೈ ದಿಖೀ ಬಾವಾ. ಸೀದೀ ಆಂಖ್ ಸೇ ದಿಖತಾಚ್ ನೈ" ಎಂದರು.

ಬಲಗಣ್ಣು ಕಾಣುವುದೇ ಇಲ್ಲವೆಂದು ಅಪ್ಪ ಯಾರೋ ಬಾಳೆಹಣ್ಣಿನವನಿಗೆ ಹೇಳಿದ್ದನ್ನು ಕೇಳಿ ನಾನು ತಿಳಿದುಕೊಂಡೆ. ಅವರ ಮೊಣಕಾಲು ಸ್ವಲ್ಪ ತರಚಿತ್ತು. ಅಲ್ಲೇ ಒಂದು ಇರಾನಿ ಹೋಟೆಲಿನಲ್ಲಿ ಕೂರಿಸಿದೆ. ಎರಡು ಚಹಾ ಹೇಳಿದೆ.

"ಯಾವಾಗಿಂದ?"

"ಎರಡು ವರ್ಸ ಆತು. ಅಂಚಿನಿಂದ ಕತ್ತಲಾಗ್ತಾ ಬಂತು. ಮೊದಲು ವಯಸ್ಸಿನ ಗುಣ ಅಂದ್ಕೊಂಡೆ."

"ನನಗ್ಯಾಕ ಹೇಳಲಿಲ್ಲಪ್ಪ?"

"ಹೇಳಿದ್ರ ಸೈಕಲ್ ಕಸಕೋತಿದ್ದಿ."

"ಕಣ್ಣು ಕಾಣದಿದ್ರೂ ನನ್ನ ಮುಂದ ಹೋಗಿ ದಾರಿ ತೋರಸಾಕತ್ತಿದ್ದಿ!"

"ಎಡಗಣ್ಣು ಚೊಲೋ ಐತಿ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಭಾಳ ದಿನದ ಮ್ಯಾಲ ನೀ ನನ್ನ ಕೂಡ ಹೊರಗ ಬಂದಿದ್ದಿ. ಅದಕ್ಕ ಬಾಯಿ ಬರಲಿಲ್ಲ" ಎಂದರು.

ಚಹಾ ಆರುತ್ತಿತ್ತು. ಲೋಟವನ್ನು ಎರಡು ವರ್ಷದಿಂದ ಅಪ್ಪ ಎಡಗಡೆಗೇ ಇಟ್ಟುಕೊಳ್ಳುತ್ತಿದ್ದರು. ಸೋಫಾದ ಬಲ ತುದಿಯಲ್ಲೇ ಕೂರುತ್ತಿದ್ದರು, ನಾನು ಎಡಕ್ಕೆ ಬರಲಿ ಎಂದು. ಹಗಲಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ನನಗೆ ಮನೆಯಲ್ಲಿ ಇದು ಕಂಡಿರಲಿಲ್ಲ.

ಅದೇ ವಾರ ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ, ಬಲಗಣ್ಣಿಗೆ ಮಾಡುವುದೇನೂ ಉಳಿದಿಲ್ಲ, ಎಡಗಣ್ಣನ್ನು ಔಷಧಿಯ ಹನಿ ಹಾಕಿ ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರಮ್ಮ. ವಾಹನ ಓಡಾಡುವ ರಸ್ತೆಯಲ್ಲಿ ಸೈಕಲ್ ಬೇಡವೇ ಬೇಡ ಎಂದೂ ಹೇಳಿದರು. ಅಪ್ಪ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ಅಂದಿನಿಂದ ಬೆಳಗ್ಗೆ ಸಂಜೆ ಅವರ ಕಣ್ಣಿಗೆ ಹನಿ ಬಿಡುವುದು ನನ್ನ ಕೆಲಸವಾಯಿತು. ತಲೆ ಹಿಂದಕ್ಕೆ ಒರಗಿಸಿ, ರೆಪ್ಪೆ ಎಳೆದು ಹಿಡಿದರೆ, ಅಪ್ಪ ಉಸಿರು ಬಿಗಿಹಿಡಿದು ನನ್ನ ಕೈಗೆ ಕಣ್ಣು ಕೊಟ್ಟು ಕೂರುತ್ತಿದ್ದರು.

ಐದನೆಯ ದಿನ ಅವರೇ ಮಾತು ತೆಗೆದರು. "ವಾಹನ ಇರೋ ರಸ್ತಾದಾಗ ಬ್ಯಾಡ ಅಂದಾರ. ಯೂನಿವರ್ಸಿಟಿ ಒಳಗ ಆದಿತ್ಯವಾರ ನಾಯಿ ಸುದ್ದಾ ಇರಂಗಿಲ್ಲ. ನಾ ಮುಂದ ಬರಂಗಿಲ್ಲ. ನೀ ಮುಂದ ನಡಿ, ನಾ ಹಿಂದ ಬರ್ತೀನಿ."

"ಬ್ಯಾಡಪ್ಪ."

"ಹಿಂದ ಹೋಗೂದು ಕಲ್ತಿ. ಮುಂದ ಹೋಗೂದು ಕಲಿಬ್ಯಾಡೇನು?"

ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ, ಜೊತೆಯಲ್ಲಿ ಯಾರಾದರೂ ಇದ್ದರೆ ಆಗಬಹುದು ಎಂದರು. ಹೀಗೆ ಮೂರು ಭಾನುವಾರ ವಿಶ್ವವಿದ್ಯಾಲಯದ ಅಗಲ ರಸ್ತೆಗಳಲ್ಲಿ, ಮರಗಳ ಕೆಳಗೆ, ನಾನು ಮುಂದೆ ಅಪ್ಪ ಹಿಂದೆ ಹೋದೆವು. ಮುಂದೆ ಹೋಗುವವರಿಗೆ ತಮ್ಮ ದಾರಿ ಅಷ್ಟೇ ಇರುವುದಿಲ್ಲ, ಹಿಂದಿನವರ ದಾರಿಯೂ ತಮ್ಮದೇ ಎಂದು ಅಲ್ಲಿ ಕಲಿತೆ. ಬಂಡೆಯ ಮೇಲೆ ಕಲ್ಲು ಕಂಡರೆ ಕೊನೆಯ ಕ್ಷಣಕ್ಕೆ ಸರಕ್ಕನೆ ತಿರುಗುತ್ತಿದ್ದೆ. ಇಲ್ಲಿ ಹಾಗೆ ತಿರುಗಿದರೆ ಅಪ್ಪ ಅದೇ ಕಲ್ಲಿನ ಮೇಲೆ ಹೋಗುತ್ತಾರೆ. ಗುಂಡಿ ಕಂಡರೆ ಹತ್ತು ಮಾರು ಮೊದಲೇ "ಕುಣಿ!" ಎಂದು ಕೂಗಬೇಕು, ಕೈ ತೋರಿಸಬೇಕು, ನಿಧಾನವಾಗಿ ಸರಿಯಬೇಕು. ಹಿಂದಿನಿಂದ "ಹೂಂ" ಎಂದು ಅಪ್ಪನ ದನಿ ಬಂದ ಮೇಲೆ ನನಗೆ ಉಸಿರು.

ರೇಸಿನ ದಿನ ಅಪ್ಪ ಅಂಗಡಿಯವನ ವ್ಯಾನಿನಲ್ಲಿ ನನ್ನ ಜೊತೆಗೇ ಬಂದರು. ಆರೂವರೆಗೆ ಸೀಟಿ ಊದಿದರು. ಸುಮಾರು ತೊಂಬತ್ತು ಮಂದಿ ಇದ್ದೆವು, ಅದರಲ್ಲಿ ಹೆಂಗಸರು ಆರು. ಮೊದಲ ಹತ್ತು ನಿಮಿಷ ನನ್ನ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಎಡಕ್ಕೊಬ್ಬರು, ಬಲಕ್ಕೊಬ್ಬರು, ಮುಂದೊಬ್ಬರು, ಎಲ್ಲರೂ ಗೇಣು ದೂರದಲ್ಲಿ. ತೊಂಬತ್ತು ಚೈನುಗಳ ಸದ್ದು ಒಟ್ಟಿಗೆ ಸೇರಿ ಮಳೆ ಬರುವ ಹಾಗೆ ಕೇಳಿಸುತ್ತಿತ್ತು. ನಾನು ಒಬ್ಬ ಹಸಿರು ಜೆರ್ಸಿಯವನ ಸೊಂಟಕ್ಕೆ ಕಣ್ಣು ನೆಟ್ಟೆ. ಚೇವೆಳ್ಳ ದಾರಿಯ ಆಲದ ಮರಗಳ ಕೆಳಗೆ ಬಿಸಿಲು ನೆರಳು ಬೆರೆತು ರಸ್ತೆಯ ಗುಂಡಿಗಳು ಕಾಣುತ್ತಲೇ ಇರಲಿಲ್ಲ. ಮುಂದಿನಿಂದ "ಗುಂತ, ಗುಂತ!" ಎಂದು ತೆಲುಗಿನಲ್ಲಿ ಕೂಗು ಬರುತ್ತಿತ್ತು, ನಾನು ಅದನ್ನೇ ಹಿಂದಕ್ಕೆ ಕೂಗುತ್ತಿದ್ದೆ. ಯಾವಾಗಲೋ ಒಂದು ಹೊತ್ತಿನಲ್ಲಿ ಭಯ ಹೋಗಿತ್ತು. ಅಷ್ಟು ಜನರ ನಡುವೆ ಗಾಳಿಯೇ ಇಲ್ಲದ ಜಾಗದಲ್ಲಿ ಯಾರೋ ನನ್ನನ್ನು ಸುಮ್ಮನೆ ಎಳೆದುಕೊಂಡು ಹೋಗುತ್ತಿರುವ ಹಾಗೆ ಅನಿಸಿತು. ಜೀವಮಾನದಲ್ಲಿ ಅಷ್ಟು ವೇಗವಾಗಿ ನಾನು ಸೈಕಲ್ ಓಡಿಸಿರಲಿಲ್ಲ.

ಅನಂತಗಿರಿಯ ಘಾಟ್ ಬಂದಾಗ ಗುಂಪು ಹರಿದುಹೋಯಿತು. ಗಟ್ಟಿಗರು ಮೇಲಕ್ಕೆ ಮಾಯವಾದರು. ನಾನು ನನ್ನ ಪಾಡಿಗೆ ಹತ್ತಿದೆ, ಕೆಲವರು ನನ್ನನ್ನು ದಾಟಿದರು, ಕೆಲವರನ್ನು ನಾನು ದಾಟಿದೆ. ಮೇಲೆ ಕಾರ್ಯಕರ್ತರು ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿ ವಾಪಸ್ಸು ತಿರುಗಿಸಿದರು. ಇಳಿಜಾರಿನಲ್ಲಿ ಮಾತ್ರ ನನ್ನ ಕಾಲ ಬಂತು. ಒಂದು ತಿರುವಿನಲ್ಲಿ ಜಲ್ಲಿ ಚೆಲ್ಲಿತ್ತು, ಎಲ್ಲರೂ ಹೆದರಿ ಬ್ರೇಕ್ ಹಿಡಿದು ತೆವಳುತ್ತಿದ್ದರು. ಅಂಥ ನೆಲದ ಮೇಲೇ ನಾನು ಎಂಟು ವರ್ಷ ಕಳೆದವಳು. ಮೈ ಸಡಿಲ ಬಿಟ್ಟು, ಹಿಂದಕ್ಕೆ ಕೂತು, ಚಕ್ರ ಸ್ವಲ್ಪ ಜಾರಿದರೂ ಜಾರಲಿ ಎಂದು ಬಿಟ್ಟೆ. ಒಂದೇ ಇಳಿಜಾರಿನಲ್ಲಿ ಏಳು ಮಂದಿಯನ್ನು ದಾಟಿದೆ.

ದಾಟಿದ್ದೇ ತಪ್ಪಾಯಿತೇನೋ. ಬಯಲಿಗೆ ಬಂದಾಗ ನನ್ನ ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಎದುರುಗಾಳಿ ಎದ್ದಿತ್ತು. ಇನ್ನೂ ಐವತ್ತು ಕಿಲೋಮೀಟರು. ಅರ್ಧ ತಾಸು ಒಬ್ಬಳೇ ತಲೆ ತಗ್ಗಿಸಿ ತುಳಿದೆ, ಕಾಲಲ್ಲಿ ಸೀಸ ತುಂಬಿದ ಹಾಗಾಯಿತು. ಆಗ ಮುಂದೆ ದೂರದಲ್ಲಿ ಒಬ್ಬರು ಕಂಡರು, ನಿಧಾನವಾಗಿ ಅವರನ್ನು ಹಿಡಿದೆ. ಐವತ್ತರ ಆಸುಪಾಸಿನ ದಪ್ಪ ದೇಹದ ಮನುಷ್ಯ. ನಮ್ಮ ನಾರಾಯಣಗೂಡದಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು ಎಂದು ಆಮೇಲೆ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅವರು ಕೈಯಲ್ಲೇ ಸನ್ನೆ ಮಾಡಿದರು. ಒಂದು ಮೈಲಿಗಲ್ಲಿನಿಂದ ಇನ್ನೊಂದರವರೆಗೆ ಅವರು ಮುಂದೆ, ಆಮೇಲೆ ನಾನು. ಅವರ ಅಗಲ ಬೆನ್ನಿನ ಹಿಂದೆ ಎಂಥ ಗಾಳಿಯೂ ತಾಕುತ್ತಿರಲಿಲ್ಲ. ಗಡಿಯಾರ ನೋಡಿಕೊಂಡೆ, ಇದೇ ವೇಗದಲ್ಲಿ ಹೋದರೆ ಗಡುವಿನೊಳಗೆ ಮುಟ್ಟುತ್ತಿದ್ದೆವು.

ಕೊನೆಗೆ ಇಪ್ಪತ್ತು ಕಿಲೋಮೀಟರು ಉಳಿದಾಗ ಹಿಂದಿನಿಂದ "ಅಮ್ಮಾ!" ಎಂದು ಕೂಗು ಕೇಳಿತು. ಮೇಷ್ಟ್ರ ತೊಡೆ ಸೆಳೆದುಕೊಂಡಿತ್ತು. ಸೈಕಲ್ಲಿನಿಂದ ಇಳಿದು ಕುಂಟುತ್ತಿದ್ದರು. ಅದೇ ಹೊತ್ತಿಗೆ ನಾಲ್ಕು ಜನರ ಸಾಲೊಂದು ನಮ್ಮನ್ನು ದಾಟಿತು. ಅವರಲ್ಲೊಬ್ಬ, "ಆಜಾವ್ ಮೇಡಂ, ಪೀಛೇ ಲಗೋ!" ಎಂದು ತಮ್ಮ ಹಿಂದೆ ಬರಲು ಕರೆದ.

ಮೇಷ್ಟ್ರು ಕೈ ಬೀಸಿ, "ಮೀರು ವೆಳ್ಳಂಡಿ ಮೇಡಂ" ಎಂದು ನನಗೆ ಹೋಗಲು ಹೇಳಿದರು.

ನಾನು ಹೋದೆ. ದೊಡ್ಡ ಮನಸ್ಸಿನಿಂದ ನಿಂತೆನೆಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಎದ್ದು ನಿಂತು ತುಳಿದು, ಆ ನಾಲ್ವರ ಹಿಂದೆ ಅಂಟಿಕೊಂಡೆ. ತಕ್ಷಣ ಗಾಳಿ ನಿಂತಿತು, ಕಾಲು ಹಗುರಾಯಿತು. ಅರ್ಧ ಕಿಲೋಮೀಟರಾದ ಮೇಲೆ ಒಮ್ಮೆ ತಿರುಗಿ ನೋಡಿದೆ. ಮೇಷ್ಟ್ರು ಇನ್ನೂ ಅಲ್ಲೇ ನಿಂತು, ಮುಷ್ಟಿಯಿಂದ ತೊಡೆಗೆ ಗುದ್ದಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ರಸ್ತೆಯ ಮೇಲೆ ಅವರೊಬ್ಬರೇ. ನನ್ನ ಕಾಲು ನಿಧಾನವಾಯಿತು. ನಾಲ್ವರೂ ನನ್ನಿಂದ ಒಂದು ಗೇಣು, ಒಂದು ಮಾರು, ಆಮೇಲೆ ಒಂದು ಹೊಲದಷ್ಟು ದೂರವಾದರು. ಸೈಕಲ್ ತಿರುಗಿಸಿದೆ.

ನನ್ನನ್ನು ಕಂಡು ಮೇಷ್ಟ್ರಿಗೆ ಸಿಟ್ಟೇ ಬಂತು. ತೆಲುಗಿನಲ್ಲಿ, "ನಿಮಗೇನು ಲೆಕ್ಕ ಬರುವುದಿಲ್ಲವೇ? ಹೀಗಾದರೆ ಇಬ್ಬರೂ ಹೋದೆವು!" ಎಂದು ಗದರಿಸಿದರು. ನನ್ನ ಬಾಟಲಿಯಲ್ಲಿ ಉಪ್ಪು ನಿಂಬೆ ಹಾಕಿದ ನೀರಿತ್ತು, ಕೊಟ್ಟೆ. ಗಟಗಟ ಕುಡಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತು ಕಾಲು ನೀಡಿದರು. ಸ್ವಲ್ಪ ಹೊತ್ತಿಗೆ ಸೆಳೆತ ಇಳಿಯಿತು. "ನನ್ನ ಹಿಂದೆಯೇ ಬನ್ನಿ, ಮುಂದೆ ಬರಬೇಡಿ, ನಿಮ್ಮ ಪಾಳಿ ನನಗೆ ಬಿಡಿ" ಎಂದೆ. ಅಲ್ಲಿಂದ ಕೊನೆಯವರೆಗೂ ನಾನೇ ಮುಂದೆ. ಅವರ ಕಾಲಿಗೆ ಹಿಡಿಸುವ ವೇಗದಲ್ಲಿ, ಗುಂಡಿ ಬಂದರೆ ಕೂಗುತ್ತ, ದಿಣ್ಣೆ ಬಂದರೆ ಕೈ ಎತ್ತುತ್ತ. ಹಿಂದಿನಿಂದ ಅವರ ಏದುಸಿರು ಕೇಳುತ್ತಿರುವವರೆಗೆ ಸರಿ ಎಂದುಕೊಂಡು ತುಳಿದೆ. ಗಡಿಯಾರ ನೋಡುವುದನ್ನು ಬಿಟ್ಟಿದ್ದೆ.

ಗಡುವು ಮುಗಿದು ಹನ್ನೊಂದು ನಿಮಿಷಕ್ಕೆ ಮುಟ್ಟಿದೆವು. ಮುಕ್ತಾಯದ ಗೆರೆಯ ಮೇಲಿನ ಬಟ್ಟೆಯ ಕಮಾನನ್ನು ಬಿಚ್ಚಿ ಸುತ್ತುತ್ತಿದ್ದರು. ಸಮಯ ಬರೆಯುವವನು ಪುಸ್ತಕ ಮುಚ್ಚಿ, "ಸಾರಿ" ಎಂದು ಒಂದೊಂದು ಬಾಳೆಹಣ್ಣು ಕೊಟ್ಟ. ಮೇಷ್ಟ್ರು ಸೈಕಲ್ ಮಲಗಿಸಿ, ಹಣ್ಣು ಸುಲಿಯುತ್ತ, "ತಡವಾಗಿ ಬಂದ ಮಕ್ಕಳನ್ನು ಇಪ್ಪತ್ತು ವರ್ಷದಿಂದ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೇನೆ. ನಾಳೆಯಿಂದ ಹೇಗೆ ನಿಲ್ಲಿಸಲಿ ಹೇಳಿ" ಎಂದರು. ಮಾತು ಮುಗಿಯುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು. ನನಗೆ ನಾಚಿಕೆಯಾಯಿತು. ಮೊದಲು ಬಿಟ್ಟು ಹೋಗಿದ್ದೆನಲ್ಲ.

ಅಪ್ಪ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಉಳಿದವರ ಮನೆಯವರೆಲ್ಲ ಆಗಲೇ ಹೊರಟುಹೋಗಿದ್ದರು. ಹಿಂದೆ ಬಿದ್ದವರನ್ನು ಗಾಡಿಯಲ್ಲಿ ಕರೆತರುತ್ತಾರೆ, ವ್ಯಾನಿನೊಳಗೆ ಬಂದು ಕೂತುಕೊಳ್ಳಿ ಎಂದು ಅಂಗಡಿಯವನು ಎಷ್ಟು ಹೇಳಿದರೂ ಅಪ್ಪ ಎದ್ದಿರಲಿಲ್ಲವಂತೆ. ನನ್ನನ್ನು ಕಂಡು ಎದ್ದು ನಿಂತರು.

"ಬಿದ್ದೇನವ್ವಾ?"

"ಇಲ್ಲ."

"ಯಾರನ್ನರ ಕೆಡವಿದೇನು?"

"ಇಲ್ಲಪ್ಪ."

"ಹಂಗಾರ ಆತು ಬಿಡು" ಎಂದರು. ಹೆಲ್ಮೆಟ್ ತೆಗೆದ ನನ್ನ ಒದ್ದೆ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟು ತೆಗೆದರು. ಅಮ್ಮ ಹೋದ ಮೇಲೆ ಹಾಗೆ ಮಾಡಿರಲಿಲ್ಲ.

ಮನೆ ಸೇರುವಾಗ ಮಧ್ಯಾಹ್ನ ಎರಡಾಗಿತ್ತು. ನನಗೆ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಅಪ್ಪ ನೀರು ಕಾಯಿಸಿ, ಬಕೆಟ್ಟಿಗೆ ಸುರಿದು, ಕಲ್ಲುಪ್ಪು ಹಾಕಿ ಕದಡಿ, ವರಾಂಡದಲ್ಲಿ ನನ್ನ ಕಾಲ ಹತ್ತಿರ ತಂದಿಟ್ಟರು. ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತು, "ಈಗ ಮೊದಲಿಂದ ಹೇಳು. ಸೀಟಿ ಊದಿದ್ರು. ಮುಂದ?" ಎಂದರು.

ಹೇಳುತ್ತ ಹೋದೆ. ಹಸಿರು ಜೆರ್ಸಿಯವನು, ಆಲದ ನೆರಳು, ತೊಂಬತ್ತು ಚೈನುಗಳ ಸದ್ದು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ನಡುನಡುವೆ "ಹೂಂ" ಎನ್ನುತ್ತಿದ್ದರು. ಚೇವೆಳ್ಳ ದಾಟಿ, ಇನ್ನೇನು ಘಾಟ್ ಶುರುವಾಗಬೇಕು ಎನ್ನುವಾಗ "ಹೂಂ" ನಿಂತಿತು. ನೋಡಿದರೆ ಅಪ್ಪನ ಗದ್ದ ಎದೆಯ ಮೇಲೆ ಇಳಿದಿತ್ತು, ನಿದ್ದೆ ಹೋಗಿದ್ದರು. ಬೆಳಗ್ಗೆ ನಾಲ್ಕಕ್ಕೆ ಎದ್ದವರು. ಎಚ್ಚರವಾದೀತೆಂದು ನಾನು ಕಾಲು ಅಲುಗಿಸಲಿಲ್ಲ. ನೀರು ಆರುವವರೆಗೂ ಹಾಗೆಯೇ ಕೂತಿದ್ದೆ.